ಮಿಮಿಕ್ ಡೇಟಾ: ಸಿಂಥೆಟಿಕ್ ರೋಗಿಗಳ ವಯಸ್ಸು ಎಕ್ಕುಟ್ಟಿ ಹೋಗಿದೆ

ರಾಗಿಮುದ್ದೆ: ಮೂರು ದಿನದಿಂದ ತಲೆ ಕೆಟ್ಟಿದೆ. ಮಿಮಿಕ್ (ಅಮೆರಿಕದ ಆಸ್ಪತ್ರೆಯೊಂದರ ರೋಗಿಗಳ ಹೆಸರಿಲ್ಲದ ದಾಖಲೆ) ಮೇಲೆ ಸಿಟಿಗ್ಯಾನ್ (ಅಸಲಿ ಕೋಷ್ಟಕ ನೋಡಿ ಅದೇ ಥರದ ನಕಲಿ, ಅಂದರೆ ಸಿಂಥೆಟಿಕ್, ಸಾಲು ಹುಟ್ಟಿಸುವ ಮಾಡೆಲ್) ಓಡಿಸಿದೆ. ಬೇರೆ ಕಾಲಮ್‌ಗಳೆಲ್ಲ ಪರವಾಗಿಲ್ಲ, ವಯಸ್ಸು ಮಾತ್ರ ಬರೀ ಕಸ. ಎಪೋಕ್ (ಡೇಟಾ ಪೂರ್ತಿ ಕಲಿಸುವ ಸುತ್ತು) 300 ಇದ್ದದ್ದನ್ನು 1000 ಮಾಡಿದೆ. ಅದೇ ರಗಳೆ.

ಜೋಗದಗುಂಡಿ: ಮೋಡ್ ಕೊಲ್ಯಾಪ್ಸ್, ಮಾಡೆಲ್ ಒಂದೇ ಥರದ ಸಾಲು ಉಗುಳುತ್ತಿದೆ. ಕಣ್ಣು ಮುಚ್ಚಿಕೊಂಡು ಹೇಳಬಹುದು. ಬ್ಯಾಚ್ ಸೈಜ್ (ಒಂದು ಸಲಕ್ಕೆ ಉಣಿಸುವ ಸಾಲುಗಳ ಸಂಖ್ಯೆ) ಇಳಿಸಿ.

ರಾಗಿಮುದ್ದೆ: ಇಳಿಸಿದೆ ಗುರು. ಏನೂ ಬದಲಾಗಲಿಲ್ಲ.

ಜೋಗದಗುಂಡಿ: ಇನ್ನೂ ಇಳಿಸಿ. ನಾನು ಎರಡು 4090 ಗ್ರಾಫಿಕ್ಸ್ ಕಾರ್ಡ್ ಹಾಕಿಕೊಂಡಿದ್ದೇನೆ, ರಾತ್ರಿ ಬಿಟ್ಟು ಮಲಗಿದರೆ ಬೆಳಿಗ್ಗೆ ಎಲ್ಲ ರೆಡಿ.

ಬೆಣ್ಣೆದೋಸೆ: ಮಿಮಿಕ್ ಸಹವಾಸ ಯಾಕೆ? ಸಿಂಥಿಯಾ ತಗೊಳ್ಳಿ, ರೋಗಿಗಳ ದಾಖಲೆ ಹುಟ್ಟಿಸುವ ಸಾಫ್ಟ್‌ವೇರ್. ಮಿಮಿಕ್ ಥರ ಕೋರ್ಸ್ ಬೇಡ, ಒಪ್ಪಂದ ಬೇಡ.

ಹುಣಸೆಮರ: ಸ್ವಾಮಿ, ಸಿಂಥಿಯಾ ರೋಗಿಗಳೇ ಕಟ್ಟುಕತೆ. ನಕಲಿ ಎಷ್ಟು ಅಸಲಿಯಂತಿದೆ ಅಂತ ತೂಗಲು ಇನ್ನೊಂದು ನಕಲಿನಾ?

ಬೆಣ್ಣೆದೋಸೆ: ಕೋಡ್ ಓಡುತ್ತದಾ ಅಂತ ಟೆಸ್ಟ್ ಮಾಡಲು ಸಾಕು ಅಂದೆ ಅಷ್ಟೆ. ಸುಮ್ನೆ ಮೈಮೇಲೆ ಬರಬೇಡಿ.

ರಾಗಿಮುದ್ದೆ: ಜಗಳ ಆಮೇಲೆ ಆಡಿ. ಅಸಲಿ ಡೇಟಾದ ಐದು ಸಾಲು ಹಾಕಿದ್ದೇನೆ, ನೋಡಿ.

ಹುಣಸೆಮರ: ಮೊದಲು ಅದನ್ನು ಅಳಿಸಿ! ಮಿಮಿಕ್ ಹಂಚುವ ಫಿಸಿಯೋನೆಟ್‌ನ ಒಪ್ಪಂದಕ್ಕೆ ಸಹಿ ಹಾಕಿದ್ದೀರಿ ಅಲ್ವಾ? ಹೆಸರಿಲ್ಲದಿದ್ದರೂ ಸಾಲು ಹೊರಗೆ ಹಾಕುವ ಹಾಗಿಲ್ಲ. ಮಿಮಿಕ್‌ನ ಮೂರನೇ ಆವೃತ್ತಿನಾ, ನಾಲ್ಕನೆಯದಾ? ವಯಸ್ಸಿನ ಮಿನಿಮಮ್ ಎಷ್ಟು? ಸಿಂಥೆಟಿಕ್‌ನದಲ್ಲ, ಅಸಲಿಯದು.

ರಾಗಿಮುದ್ದೆ: ಅಳಿಸಿದೆ, ತಪ್ಪಾಯ್ತು. ಮೂರನೆಯದು. ಮಿನಿಮಮ್... ಮೈನಸ್ 284?!

ಹುಣಸೆಮರ: ಸಿಕ್ಕಿತು. ಮೂರರಲ್ಲಿ 89 ದಾಟಿದವರ ಗುರುತು ಸಿಗದಿರಲಿ ಅಂತ ಹುಟ್ಟಿದ ದಿನವನ್ನು ಹಿಂದಕ್ಕೆ ತಳ್ಳಿದ್ದಾರೆ. ಮೊದಲ ಸಲ ದಾಖಲಾದಾಗ ಅವರಿಗೆ 300 ವರ್ಷ. ನೀವು ದಾಖಲಾದ ತಾರೀಖಿನಿಂದ ಹುಟ್ಟಿದ ತಾರೀಖನ್ನು ನಂಪೈನಲ್ಲಿ (ಪೈಥಾನ್‌ನ ಲೆಕ್ಕದ ಲೈಬ್ರರಿ) ನೇರ ಕಳೆದಿದ್ದೀರಿ. ನ್ಯಾನೋಸೆಕೆಂಡ್ ಲೆಕ್ಕದಲ್ಲಿ 64 ಬಿಟ್‌ಗೆ ಹಿಡಿಸುವುದು ಸುಮಾರು 292 ವರ್ಷ ಮಾತ್ರ. ಅದು ದಾಟಿದರೆ ಎರರ್ ಕೊಡದೆ ಸುತ್ತಿಕೊಂಡು ಮೈನಸ್‌ಗೆ ಹೋಗುತ್ತದೆ. ಇಸವಿ ಮಾತ್ರ ತೆಗೆದು ಕಳೆಯಿರಿ, 89 ದಾಟಿದ್ದಕ್ಕೆಲ್ಲ 90 ಹಾಕಿ. ನವಜಾತ ಶಿಶುಗಳನ್ನೂ ಬೇರೆ ಮಾಡಿ. ಸೊನ್ನೆ ವಯಸ್ಸಿನವರು ಏಳೂವರೆ ಸಾವಿರಕ್ಕಿಂತ ಜಾಸ್ತಿ ಇದ್ದಾರೆ, ಅವರ ಮತ್ತು ದೊಡ್ಡವರ ನಡುವೆ ಹೆಚ್ಚೂಕಡಿಮೆ ಖಾಲಿ. ಮಾಡೆಲ್ ಆ ಖಾಲಿ ಜಾಗದಲ್ಲಿ ಏಳು ವರ್ಷದ ಮಕ್ಕಳನ್ನು ಹುಟ್ಟಿಸುತ್ತದೆ.

ಜೋಗದಗುಂಡಿ: ಆದರೂ ಬ್ಯಾಚ್ ಸೈಜ್ ಒಂದ್ಸಲ ನೋಡಬೇಕಿತ್ತು.

ರಾಗಿಮುದ್ದೆ: ವಯಸ್ಸು ಸರಿಹೋಯಿತು, ಥ್ಯಾಂಕ್ಸ್ ಸರ್! ಇನ್ನೊಂದು ಡೌಟು. ಸಿಂಥೆಟಿಕ್‌ನಲ್ಲಿ ಕಲಿಸಿ ಅಸಲಿಯಲ್ಲಿ ಪರೀಕ್ಷಿಸಿದರೆ, ಅಸಲಿಯಲ್ಲೇ ಕಲಿಸಿದ್ದಕ್ಕಿಂತ ಅಂಕ ಜಾಸ್ತಿ ಬರುತ್ತಿದೆ. ಖುಷಿ ಪಡಲಾ?

ಹುಣಸೆಮರ: ಬೇಡ. ಪರೀಕ್ಷೆಗೆ ಇಟ್ಟ ರೋಗಿಗಳನ್ನು ಮಾಡೆಲ್ ಕಲಿಯುವಾಗಲೇ ನೋಡಿರಬಹುದು. 46,520 ರೋಗಿಗಳು, 58,976 ದಾಖಲಾತಿ. ಒಬ್ಬರೇ ಎರಡೆರಡು ಸಲ ಬಂದಿದ್ದಾರೆ. ಪರೀಕ್ಷೆಯ ಪಾಲನ್ನು ರೋಗಿಯ ಲೆಕ್ಕದಲ್ಲಿ ಬೇರೆ ಮಾಡಿದಿರಾ, ದಾಖಲಾತಿಯ ಲೆಕ್ಕದಲ್ಲಾ? ಸಿಟಿಗ್ಯಾನ್‌ಗೆ ಪೂರ್ತಿ ಡೇಟಾ ಉಣಿಸಿ ಆಮೇಲೆ ಪಾಲು ಮಾಡಿದಿರಾ?

ಬೆಣ್ಣೆದೋಸೆ: ಜೋಗ, ಎರಡು 4090ಗೆ ಪವರ್ ಸಪ್ಲೈ ಎಷ್ಟು ವ್ಯಾಟ್ ಹಾಕಿದ್ದೀರಿ?

ಜೋಗದಗುಂಡಿ: 1600. ಚಳಿಗಾಲದಲ್ಲಿ ರೂಮಿಗೆ ಹೀಟರ್ ಬೇಡ. ಫೋಟೋ ಹಾಕ್ತೀನಿ ಇರಿ.

ಹುಣಸೆಮರ: ಮುದ್ದೆಯವರೇ, ಪಾಲು ಹೇಗೆ ಮಾಡಿದಿರಿ?