ತೋಟದ ದಾರಿಗೆ ಪಿಕಪ್: ಟೂ ವೀಲ್ ಸಾಕಾ, ಫೋರ್ ವೀಲೇ ಬೇಕಾ?

ಹೆಬ್ರಿ ಹತ್ತಿರ ನಮ್ಮ ಅಡಿಕೆ ತೋಟ. ಡಾಂಬರು ರಸ್ತೆಯಿಂದ ಅಂಗಳಕ್ಕೆ ಮುರಕಲ್ಲಿನ ಕಡಿದಾದ ಇಳಿಜಾರು, ನಡುವೆ ಒಂದು ತಿರುವು. ಗೊಬ್ಬರ ತರಬೇಕು, ಅಡಿಕೆ ಮೂಟೆ ಸಾಗಿಸಬೇಕು, ಮನೆಯವರನ್ನು ಕೂರಿಸಿಕೊಂಡು ಉಡುಪಿಗೂ ಹೋಗಬೇಕು. ಬೊಲೆರೊ ಕ್ಯಾಂಪರ್, ಇಸುಝು ವಿ-ಕ್ರಾಸ್ ನೋಡುತ್ತಿದ್ದೇನೆ. ಟೂ ವೀಲ್ ಅಂದರೆ ಎಂಜಿನ್ ಬಲ ಎರಡೇ ಚಕ್ರಕ್ಕೆ, ಫೋರ್ ವೀಲ್ ಅಂದರೆ ನಾಲ್ಕೂ ಚಕ್ರಕ್ಕೆ. ಫೋರ್ ವೀಲಿಗೆ ಜಾಸ್ತಿ ದುಡ್ಡು ಹಾಕುವುದು ದಂಡವಾ? ಮಳೆಗಾಲದಲ್ಲಿ ಓಡಿಸಿದವರು ಹೇಳಿ.

ಬೆಳ್ತಂಗಡಿಯಿಂದ

ನಮ್ಮಲ್ಲಿರುವುದು ಟೂ ವೀಲ್ ಪಿಕಪ್. ಲೋಡ್ ಇದ್ದಾಗ ತಕರಾರಿಲ್ಲ, ತೊಂದರೆ ಇರುವುದು ಖಾಲಿ ಇದ್ದಾಗ. ಈ ಗಾಡಿಗಳಲ್ಲಿ ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ. ಟ್ರೇ ಖಾಲಿ ಇದ್ದರೆ ಹಿಂಭಾಗ ಹಗುರ, ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಏರಿನಲ್ಲಿ ನೋಡಬೇಕು ಮಾರಾಯ್ರೆ. ಚರಂಡಿ ಬದಿಯ ಚಕ್ರ ಗಿರಗಿರ ತಿರುಗಿ ಕೆಂಪು ಕೆಸರು ಬಾಗಿಲಿನವರೆಗೆ ಹಾರುತ್ತದೆ, ಆಚೆ ಬದಿಯ ಚಕ್ರ ಅಲುಗುವುದೂ ಇಲ್ಲ. ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಾಮೂಲಿ ಡಿಫರೆನ್ಷಿಯಲ್ ಇದ್ದರೆ ಹೀಗೇ. ಜಾರುವ ಚಕ್ರವೇ ತಿರುಗುತ್ತಾ ಇರುತ್ತದೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳ ಆಗುತ್ತದೆ, ಅಷ್ಟೇ. ನಾವು ಮಳೆಗಾಲ ಪೂರ್ತಿ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಮರಳಿನ ಮೂಟೆ ಕಟ್ಟಿಡುತ್ತೇವೆ, ಚಕ್ರದಡಿ ಹಾಕಲು ಸೀಟಿನ ಹಿಂದೆ ಗೋಣಿ ಚೀಲ. ಮುಕ್ಕಾಲು ಪಾಲು ಇದರಲ್ಲೇ ಸುಧಾರಿಸುತ್ತದೆ. ಇನ್ನು ಕಾಲು ಪಾಲು ದಿನ ಗಾಡಿ ರಸ್ತೆ ಬದಿಯಲ್ಲಿ, ಗೊಬ್ಬರ ತಲೆ ಮೇಲೆ!

ಮಲ್ಪೆಯಿಂದ

ಮೀನು ಸಾಗಿಸುವವನು ನಾನು. ಹೆದ್ದಾರಿ 66ಕ್ಕಾಗಲಿ, ಆಗುಂಬೆ ಘಾಟಿಗಾಗಲಿ ಫೋರ್ ವೀಲ್ ಬೇಕಿಲ್ಲ. ಘಾಟಿ ಅಂದ ಕೂಡಲೇ ಜನ ಫೋರ್ ವೀಲ್ ಅನ್ನುತ್ತಾರೆ. ಅಲ್ಲಿರುವುದು ಡಾಂಬರು ಅಲ್ವಾ? ಬೇಕಿರುವುದು ಒಳ್ಳೆ ಟೈರು, ಒಳ್ಳೆ ಬ್ರೇಕು, ಸರಿಯಾದ ಗೇರು. ನೀವು ನೋಡುತ್ತಿರುವ ಗಾಡಿಗಳಲ್ಲಿ ಇರುವುದು ಬೇಕಾದಾಗ ಮಾತ್ರ ಹಾಕುವ ಫೋರ್ ವೀಲ್. ಒಣ ಡಾಂಬರಿನ ತಿರುವಿನಲ್ಲಿ ಅದನ್ನು ಹಾಕಿದರೆ ಸ್ಟೇರಿಂಗ್ ಬಿಗಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಉರುಳಬೇಕು, ಹಿಂದಿನದು ಕಡಿಮೆ. ಎರಡನ್ನೂ ಒಟ್ಟಿಗೆ ಕಟ್ಟಿ ಹಾಕಿದರೆ ಗೇರಿಗೆ ಪೆಟ್ಟು.

ಕರಾವಳಿಯಲ್ಲಿ ಉಪ್ಪು ಗಾಳಿ ಬೇರೆ. ಫೋರ್ ವೀಲ್ ಅಂದರೆ ಅಡಿಯಲ್ಲಿ ಎಂಜಿನ್ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್, ಮುಂದಕ್ಕೊಂದು ಶಾಫ್ಟ್, ಮುಂದೆಯೂ ಡಿಫರೆನ್ಷಿಯಲ್. ಅದಕ್ಕೆಲ್ಲ ಆಯಿಲ್, ಸೀಲ್, ತೊಳೆಯುವ ಕೆಲಸ. ಜೊತೆಗೆ ಭಾರ, ಡೀಸೆಲ್ಲೂ ಸ್ವಲ್ಪ ಜಾಸ್ತಿ.

ಸುಳ್ಯದಿಂದ

ಎಲ್ಲರೂ ಹತ್ತುವುದನ್ನೇ ಹೇಳುತ್ತಿದ್ದೀರಿ. ನಮಗೆ ಫೋರ್ ವೀಲ್ ಉಪಕಾರಕ್ಕೆ ಬಂದದ್ದು ಇಳಿಯುವಾಗ. ತುಂಬಿದ ಗಾಡಿ, ಕೆಸರಿನ ಇಳಿಜಾರು, ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಫೋರ್ ಲೋ, ಅಂದರೆ ನಾಲ್ಕೂ ಚಕ್ರವನ್ನು ತೀರಾ ನಿಧಾನಕ್ಕೆ ತಿರುಗಿಸುವ ಲೋ ರೇಂಜ್, ಹಾಕಿ ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ನಾಲ್ಕೂ ಚಕ್ರವನ್ನು ಹಿಡಿದುಕೊಂಡು ಇಳಿಸುತ್ತದೆ. ಹಾಗಾಗಿ ಶೋರೂಮಿನಲ್ಲಿ ಫೋರ್ ವೀಲ್ ಉಂಟಾ ಅಂತ ಮಾತ್ರ ಕೇಳಬೇಡಿ, ಲೋ ರೇಂಜ್ ಉಂಟಾ ಅಂತಲೂ ಕೇಳಿ. ಆದರೆ ಡಾಂಬರಿನಲ್ಲಿ ಬ್ರೇಕ್ ಹಾಕಿದಾಗ ಫೋರ್ ವೀಲ್ ಗಾಡಿ ಬೇಗ ನಿಲ್ಲುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಪುತ್ತೂರಿನಿಂದ

ಆ ದುಡ್ಡಲ್ಲಿ ದಾರಿ ಮಾಡಿಸಿ. ಏರು ಇರುವಲ್ಲಿ ಚಕ್ರ ಹೋಗುವಷ್ಟು ಅಗಲಕ್ಕೆ ಎರಡು ಕಾಂಕ್ರೀಟ್ ಪಟ್ಟಿ, ಮೇಲೆ ಪೊರಕೆಯಿಂದ ಅಡ್ಡ ಗೀರು. ನೀರು ಪಕ್ಕಕ್ಕೆ ಹೋಗುವ ಹಾಗೆ ಕಣಿ ಕಡಿಸಿ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಕೂಡಲೇ ಪಾಚಿ ಕೆರೆದರೆ ಆಯ್ತು. ಆಮೇಲೆ ಆಟೋದವನೂ ಅಂಗಳಕ್ಕೆ ಬರುತ್ತಾನೆ.

ಮತ್ತೆ ಬೆಳ್ತಂಗಡಿಯಿಂದ

ಪುತ್ತೂರಿನವರದ್ದು ಸರಿ, ದಾರಿ ಸ್ವಂತ ಜಾಗದಲ್ಲಿ ಇದ್ದರೆ. ನಮ್ಮದು ಇಬ್ಬರು ನೆರೆಯವರ ವರ್ಗ ಜಾಗ (ಪಟ್ಟಾ ಭೂಮಿ) ದಾಟಿ ಬರುತ್ತದೆ, ಒಂದು ಬುಟ್ಟಿ ಜಲ್ಲಿ ಹಾಕಿದರೂ ಪಂಚಾಯ್ತಿಕೆ. ನಿಮ್ಮದೂ ಹಾಗೇ ಇದ್ದು, ಮಳೆಯಲ್ಲಿ ದಿನಾ ಇಳಿದು ಹತ್ತಲೇಬೇಕು ಅಂತಾದರೆ ಫೋರ್ ವೀಲೇ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಅಂತಾದರೆ ಟೂ ವೀಲ್ ಸಾಕು, ಆದರೆ ಶೋರೂಮಿನವರು ಕೊಟ್ಟ ಹೈವೇ ಟೈರು ಬದಲಿಸಿ ಮಣ್ಣಿನ ದಾರಿಗೂ ಆಗುವ ಆಲ್ ಟೆರೇನ್ ಹಾಕಿಸಿ. ಬುಕ್ ಮಾಡುವ ಮೊದಲು ಪರಿಚಯದವರ ಟೂ ವೀಲ್ ಪಿಕಪ್ ಖಾಲಿಯಾಗಿಯೇ ತರಿಸಿ, ಒಳ್ಳೆ ಮಳೆ ಬಿದ್ದ ಮಾರನೇ ದಿನ ಆ ತಿರುವು ಹತ್ತಿಸಿ ನೋಡಿ.