140 ಗೆರೆಜೋಡಿಯ ಫಿಲ್ಮಿನಲ್ಲಿ ನಕ್ಷತ್ರ ಯಾಕೆ ದಪ್ಪ?

ಬೆಳ್ಳಿಚುಕ್ಕಿ
ದೂರದರ್ಶಕ 100 ಮಿ.ಮೀ. ರಿಫ್ರ್ಯಾಕ್ಟರ್, ಫೋಕಲ್ ದೂರ 500 ಮಿ.ಮೀ., ಅಂದರೆ ಎಫ್/5. ಅದೇ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠ), ಅದೇ ರಾತ್ರಿ, ಎರಡು ಕ್ಯಾಮೆರಾ. ಒಂದರಲ್ಲಿ ಪ್ರೊವಿಯಾ 100ಎಫ್ ಫಿಲ್ಮ್, 10 ನಿಮಿಷದ ಒಂದೇ ಎಕ್ಸ್‌ಪೋಶರ್, 4000 ಡಿಪಿಐ ಸ್ಕ್ಯಾನ್. ಇನ್ನೊಂದು 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್, 5.97 ಮೈಕ್ರಾನ್ ಪಿಕ್ಸೆಲ್, 30 ಸೆಕೆಂಡಿನ 20 ಫ್ರೇಮ್.

ಫಿಲ್ಮಿನ ಡೇಟಾಶೀಟಿನಲ್ಲಿ ಮಿಲಿಮೀಟರಿಗೆ 140 ಗೆರೆಜೋಡಿ (ಒಂದು ಕಪ್ಪು, ಒಂದು ಬಿಳಿ ಗೆರೆ ಸೇರಿ ಒಂದು ಜೋಡಿ) ಎಂದಿದೆ. ಸೆನ್ಸರಿನದು ಲೆಕ್ಕ ಹಾಕಿದರೆ 84 ದಾಟುವುದಿಲ್ಲ. ಆದರೂ ನಕ್ಷತ್ರದ ಎಫ್‌ಡಬ್ಲ್ಯುಎಚ್‌ಎಂ (ಹೊಳಪು ಅರ್ಧಕ್ಕಿಳಿಯುವಲ್ಲಿ ಅಳೆದ ಅಗಲ) ಸೆನ್ಸರಿನಲ್ಲಿ 12 ಮೈಕ್ರಾನ್, ಫಿಲ್ಮಿನಲ್ಲಿ 25. ಈ ವ್ಯತ್ಯಾಸ ಎಲ್ಲಿಂದ ಬಂತು? ಫಿಲ್ಮಿನ ಕಡೆ ಏನು ಸರಿಪಡಿಸಬೇಕು?

ಮಸೂರ
ಮೊದಲು ಆ 140ನ್ನು ಪಕ್ಕಕ್ಕಿಡಿ. ಅದು 1000:1 ಕಾಂಟ್ರಾಸ್ಟಿನ ಪರೀಕ್ಷಾ ಪಟ್ಟಿಗೆ ಸಿಗುವ ಸಂಖ್ಯೆ. ಅದೇ ಡೇಟಾಶೀಟಿನಲ್ಲಿ 1.6:1 ಕಾಂಟ್ರಾಸ್ಟಿಗೆ 60 ಎಂದಿದೆ. ನೆಬ್ಯುಲಾದ ಒಳಗಿನ ಎಳೆಗಳ ಕಾಂಟ್ರಾಸ್ಟ್ ಈ ಎರಡನೆಯದಕ್ಕೇ ಹತ್ತಿರ. ಮೇಲಿಂದ 4000 ಡಿಪಿಐ ಎಂದರೆ ಪಿಕ್ಸೆಲಿಗೆ 6.35 ಮೈಕ್ರಾನ್, ಗರಿಷ್ಠ 79 ಗೆರೆಜೋಡಿ. ಫಿಲ್ಮಿನಲ್ಲಿ ಅದಕ್ಕಿಂತ ಹೆಚ್ಚು ವಿವರ ಇದ್ದರೂ ಸ್ಕ್ಯಾನರಿನಲ್ಲೇ ಉಳಿದುಹೋಗುತ್ತದೆ. ಹಾಗಾಗಿ ಹೋಲಿಕೆ 140ಕ್ಕೂ 84ಕ್ಕೂ ಅಲ್ಲ, 60ಕ್ಕೂ 84ಕ್ಕೂ.

ಇನ್ನು ಆಕಾಶದ ಲೆಕ್ಕ. ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು. 500 ಮಿ.ಮೀ.ನಲ್ಲಿ 1 ಆರ್ಕ್‌ಸೆಕೆಂಡ್ ಎಂದರೆ 2.42 ಮೈಕ್ರಾನ್. ಸೀಯಿಂಗ್ (ಗಾಳಿಯ ಕಲಕಾಟದ ಮಸುಕು) 3 ಆರ್ಕ್‌ಸೆಕೆಂಡ್ ಇದ್ದರೆ 7.3 ಮೈಕ್ರಾನ್, ಗೈಡಿಂಗ್ (ಮೌಂಟ್ ನಕ್ಷತ್ರವನ್ನು ಹಿಂಬಾಲಿಸುವುದು) ಅಲುಗಾಟ 1.5 ಇದ್ದರೆ 3.6, ಎಫ್/5ರ ಡಿಫ್ರ್ಯಾಕ್ಷನ್ (ಬೆಳಕು ಅಲೆಯಾಗಿ ಹರಡುವುದು) 2.8. ಇವನ್ನು ನೇರ ಕೂಡಬಾರದು. ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 8.6 ಮೈಕ್ರಾನ್ ಬರುತ್ತದೆ. ಫಿಲ್ಮನ್ನೋ ಸೆನ್ಸರನ್ನೋ ಮುಟ್ಟುವ ಮೊದಲೇ ನಕ್ಷತ್ರ ಇಷ್ಟು ದಪ್ಪ ಆಗಿರುತ್ತದೆ. ಸೆನ್ಸರಿನ 12 ಇದಕ್ಕೆ ಒಪ್ಪುವ ಸಂಖ್ಯೆ. 25 ಮಾತ್ರ ಒಪ್ಪುವುದಿಲ್ಲ: 8.6ನ್ನು ಅದೇ ರೀತಿ ಕಳೆದರೂ 23 ಮೈಕ್ರಾನ್ ಉಳಿಯುತ್ತದೆ. ಅಷ್ಟನ್ನೂ ಫಿಲ್ಮಿನ ಕಣದ ಮೇಲೆ ಹೊರಿಸುವುದು ಅನ್ಯಾಯ.

ಕತ್ತಲಕೋಣೆ
ಆ 23 ಮೈಕ್ರಾನಿಗೆ ನನ್ನ ಮೊದಲ ಗುಮಾನಿ ಫೋಕಸ್. ಎಫ್/5ರಲ್ಲಿ ಫಿಲ್ಮ್ 0.1 ಮಿ.ಮೀ. ಹಿಂದೆಯೋ ಮುಂದೆಯೋ ಇದ್ದರೆ 20 ಮೈಕ್ರಾನಿನ ಬಿಲ್ಲೆ ಬೀಳುತ್ತದೆ. ತಪ್ಪಿಗೆ ಅವಕಾಶ ಇರುವುದು ಆಚೀಚೆ 30 ಮೈಕ್ರಾನ್ ಮಾತ್ರ. ವ್ಯೂಫೈಂಡರಿನ ಗಾಜೂ ಫಿಲ್ಮೂ ಲೆನ್ಸಿನಿಂದ ಅಷ್ಟು ಕರಾರುವಾಕ್ಕಾಗಿ ಒಂದೇ ದೂರದಲ್ಲಿರುತ್ತವೆ ಎಂದು ನಂಬಬೇಡಿ. ಬ್ಲೇಡಿನಿಂದ ನೋಡಿ.

ಫಿಲ್ಮ್ ಹಾಕುವ ಮೊದಲು ಹಿಂಬಾಗಿಲು ತೆರೆದು, ಶಟರನ್ನು ಬಿ ಸ್ಥಾನದಲ್ಲಿ ತೆರೆದೇ ಇಡಿ. ಒಂದೇ ಬದಿ ಮಸೆದ ಬ್ಲೇಡನ್ನು ಫಿಲ್ಮ್ ಕೂರುವ ಒಳ ಹಳಿಗಳ ಮೇಲೆ, ಚಪ್ಪಟೆ ಮುಖ ಲೆನ್ಸಿನ ಕಡೆ ಇರುವಂತೆ, ಚೌಕಟ್ಟಿನ ಮಧ್ಯಕ್ಕೆ ಅಂಚು ಬರುವ ಹಾಗೆ ಕೂರಿಸಿ. ಹಿಂದಿನಿಂದ ಕಣ್ಣಿಟ್ಟು ಹೊಳೆಯುವ ನಕ್ಷತ್ರವೊಂದನ್ನು ಮೌಂಟಿನ ನಿಧಾನ ಚಲನೆಯಿಂದ ಅಂಚಿನ ಮರೆಗೆ ತನ್ನಿ. ಬೆಳಗಿದ ಲೆನ್ಸ್ ಇಡೀ ಒಮ್ಮೆಲೇ ಮಂಕಾದರೆ ಫೋಕಸ್ ಸರಿ. ಬ್ಲೇಡ್ ಇರುವ ಬದಿಯಿಂದಲೇ ನೆರಳು ನುಗ್ಗಿದರೆ ಕ್ಯಾಮೆರಾ ಫೋಕಸ್ಸಿಗಿಂತ ಒಳಗಿದೆ, ಹೊರಕ್ಕೆ ಎಳೆಯಿರಿ. ಎದುರು ಬದಿಯಿಂದ ಬಂದರೆ ಒಳಕ್ಕೆ ತಳ್ಳಿ. ಆಮೇಲೆ ಫೋಕಸರಿನ ಸ್ಕ್ರೂ ಬಿಗಿಮಾಡಿ, ಬ್ಲೇಡ್ ತೆಗೆದು, ಕ್ಯಾಮೆರಾ ಬಿಚ್ಚದೆ ಫಿಲ್ಮ್ ಹಾಕಿ.

ಎರಡು ಎಚ್ಚರ. 500 ಮಿ.ಮೀ. ಅಲ್ಯೂಮಿನಿಯಂ ಕೊಳವೆ ತಾಪಮಾನ 5 ಡಿಗ್ರಿ ಇಳಿದರೆ ಸುಮಾರು 58 ಮೈಕ್ರಾನ್ ಕುಗ್ಗುತ್ತದೆ. ಆ ಅವಕಾಶ ಅಷ್ಟಕ್ಕೇ ಮುಗಿದುಹೋಯಿತು, ಹಾಗಾಗಿ ಕೊಳವೆ ತಣಿಯುವವರೆಗೆ ಫೋಕಸ್ ಮಾಡಬೇಡಿ. ಎರಡನೆಯದು, ಫಿಲ್ಮ್ ಮುಂದೆ ಸುತ್ತಿದ ಕೂಡಲೇ ಶಟರ್ ತೆರೆಯಬೇಡಿ. ಸುರುಳಿಯಿಂದ ಬಿಚ್ಚಿದ ಫಿಲ್ಮ್ ತೇವ ಹೀರಿ ನಿಧಾನವಾಗಿ ಉಬ್ಬುತ್ತದೆ. ಕೆಲವು ನಿಮಿಷ ಬಿಟ್ಟು ತೆರೆದರೆ ಉಬ್ಬು ಎಕ್ಸ್‌ಪೋಶರ್ ಮಧ್ಯೆ ಬದಲಾಗುವ ಸಂಭವ ಕಡಿಮೆ. ಮಧ್ಯದ ನಕ್ಷತ್ರ ದಪ್ಪ, ಅಂಚಿನದು ಸಣ್ಣ ಇದ್ದರೆ ಈ ಉಬ್ಬನ್ನೇ ಅನುಮಾನಿಸಿ.

ಬೆಳ್ಳಿಚುಕ್ಕಿ
ಬ್ಲೇಡಿನಿಂದ ನೋಡುತ್ತೇನೆ. ಆದರೆ ಫಲಿತಾಂಶ ಅಳೆಯುವುದು ಹೇಗೆ? ಒಂದೇ ಫಿಲ್ಮ್ ಚೌಕಟ್ಟಿನಲ್ಲಿ ಹೊಳಪಿನ ನಕ್ಷತ್ರಕ್ಕೆ ಒಂದು ಅಗಲ, ಮಂಕು ನಕ್ಷತ್ರಕ್ಕೆ ಇನ್ನೊಂದು ಬರುತ್ತಿದೆ.

ಮಸೂರ
ಬಂದೇ ಬರುತ್ತದೆ. ಬೆಳಕು ಎಮಲ್ಶನ್ (ಫಿಲ್ಮಿನ ಮೇಲೆ ಬೆಳಕು ಹಿಡಿಯುವ ಲೇಪ) ಒಳಗೆ ಚದುರುತ್ತದೆ, ಎಕ್ಸ್‌ಪೋಶರ್ ಹೆಚ್ಚಿದಷ್ಟೂ ಚುಕ್ಕೆ ಅಗಲವಾಗುತ್ತ ಹೋಗುತ್ತದೆ. ಫಿಲ್ಮಿನ ಸ್ಪಂದನ ಸರಳರೇಖೆಯದ್ದಲ್ಲ, ಆದ್ದರಿಂದ ಅಲ್ಲಿ ಎಫ್‌ಡಬ್ಲ್ಯುಎಚ್‌ಎಂ ಅಷ್ಟು ನಂಬಿಕಸ್ಥ ಅಳತೆಯಲ್ಲ. ಬದಲಿಗೆ ಜೋಡಿ ನಕ್ಷತ್ರ ಬಿಡಿಸಿ ನೋಡಿ. ಸಪ್ತರ್ಷಿಗಳಲ್ಲಿ ವಸಿಷ್ಠ, ಅಂದರೆ ಮಿಜಾರ್: ಅದರ ಸಂಗಾತಿ 14.4 ಆರ್ಕ್‌ಸೆಕೆಂಡ್ ದೂರದಲ್ಲಿದೆ, ನಿಮ್ಮ ಫಿಲ್ಮಿನ ಮೇಲೆ 35 ಮೈಕ್ರಾನ್. ಅರುಂಧತಿ ಬೇರೆ, ಅದು ಬರಿಗಣ್ಣಿಗೇ ಬಿಡಿಯಾಗಿ ಕಾಣುತ್ತದೆ. ಇನ್ನೂ ಒಳ್ಳೆಯದು ಮೇಷದ ಗಾಮಾ: ಹೆಚ್ಚುಕಡಿಮೆ ಒಂದೇ ಹೊಳಪಿನ ಎರಡು ನಕ್ಷತ್ರ, ಅಂತರ ಸುಮಾರು 7.5 ಆರ್ಕ್‌ಸೆಕೆಂಡ್, ಫಿಲ್ಮಿನ ಮೇಲೆ 18 ಮೈಕ್ರಾನ್. ಅರ್ಧ ಸೆಕೆಂಡಿನಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತ 8 ಸೆಕೆಂಡಿನವರೆಗೆ ತೆಗೆಯಿರಿ. ಯಾವ ಚೌಕಟ್ಟಿನಲ್ಲೂ ಗಾಮಾ ಎರಡಾಗಿ ಬಿಡದಿದ್ದರೆ ದೋಷ ಫೋಕಸ್ಸಿನದು ಅಥವಾ ಸ್ಕ್ಯಾನಿನದು. ಚಿಕ್ಕ ಎಕ್ಸ್‌ಪೋಶರಿನಲ್ಲಿ ಬಿಟ್ಟು ದೊಡ್ಡದರಲ್ಲಿ ಅಂಟಿಕೊಂಡರೆ ಅದು ಎಮಲ್ಶನ್ನಿನ ಹರಡುವಿಕೆ.

ಫೋಕಸ್ಸೋ ಸ್ಕ್ಯಾನೋ ಎಂದು ತಿಳಿಯಲು ಆ ಚೌಕಟ್ಟನ್ನು ಮ್ಯಾಕ್ರೋ ಲೆನ್ಸಿನಲ್ಲಿ 2:1 ಗಾತ್ರದಲ್ಲಿ ಮತ್ತೆ ಸೆರೆಹಿಡಿಯಿರಿ. ನಿಮ್ಮ ಡಿಜಿಟಲ್ ಕ್ಯಾಮೆರಾದಲ್ಲೇ ಪಿಕ್ಸೆಲಿಗೆ ಫಿಲ್ಮಿನ 3 ಮೈಕ್ರಾನ್ ಸಿಗುತ್ತದೆ. ಎಮಲ್ಶನ್ ಬದಿ ಲೆನ್ಸಿನ ಕಡೆ ಇರಲಿ, ಕಣದ ಮೇಲೆ ಫೋಕಸ್ ಮಾಡಿ, ಆಮೇಲೆ ಚಿತ್ರದ ಎಡಬಲ ಅದಲುಬದಲು ಮಾಡಿದರಾಯಿತು.

ಹಾಲುಹಾದಿ
ಸೆನ್ಸರಿನ 84 ಕೂಡ ಎಲ್ಲ ಬಣ್ಣಕ್ಕೂ ಸಿಗುವುದಿಲ್ಲ. ಬೇಯರ್ ಜೋಡಣೆಯಲ್ಲಿ (ಪಿಕ್ಸೆಲಿನ ಮೇಲಿನ ಕೆಂಪು, ಹಸಿರು, ನೀಲಿ ಫಿಲ್ಟರುಗಳ ವಿನ್ಯಾಸ) ಕೆಂಪಿಗೆ ನಾಲ್ಕರಲ್ಲಿ ಒಂದೇ ಪಿಕ್ಸೆಲ್. ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರ್ ಬೆಳಕಿಗೆ ನಿಮ್ಮ 5.97 ಮೈಕ್ರಾನ್ 11.9 ಆಗಿಬಿಡುತ್ತದೆ. ಫ್ರೇಮಿನಿಂದ ಫ್ರೇಮಿಗೆ ಕೆಲವು ಪಿಕ್ಸೆಲ್ ಸರಿಸಿ, ಅಂದರೆ ಡಿದರ್ ಮಾಡಿ, ಫ್ರೇಮುಗಳನ್ನು ಸಣ್ಣ ಪಿಕ್ಸೆಲಿಗೆ ಹಂಚುವ ಡ್ರಿಜಲ್‌ನಲ್ಲಿ ಕೂಡಿಸಿದರೆ ಬಹುಪಾಲು ಮರಳಿ ಬರುತ್ತದೆ. 20 ಫ್ರೇಮ್ ಅದಕ್ಕೆ ಕನಿಷ್ಠ, 40 ಇದ್ದರೆ ನೆಮ್ಮದಿ.

ಇನ್ನೊಂದು ವಿಷಯ ಗೆರೆಜೋಡಿಯ ಲೆಕ್ಕದಲ್ಲಿ ಕಾಣುವುದೇ ಇಲ್ಲ. 10 ನಿಮಿಷದ ಫಿಲ್ಮಿನಲ್ಲಿ ಒಮ್ಮೆ ಗಾಳಿ ಬೀಸಿ ಮೌಂಟ್ ಅಲುಗಿದರೂ ಅದು ಚೌಕಟ್ಟಿನಲ್ಲೇ ಉಳಿಯುತ್ತದೆ. 30 ಸೆಕೆಂಡಿನ 20ರಲ್ಲಿ ಕೆಟ್ಟ ಮೂರನ್ನು ಎತ್ತಿಹಾಕಬಹುದು. ನಿಮ್ಮ 25ರಲ್ಲಿ ಇದರ ಪಾಲೂ ಇರಬಹುದು, ಗೈಡಿಂಗ್ ದಾಖಲೆ ತೆರೆದು ಆ 10 ನಿಮಿಷವನ್ನು ನೋಡಿ.

ಫಿಲ್ಮಿನ ನಿಜವಾದ ಬಲ ವಿಸ್ತೀರ್ಣ. ಅಮೆರಿಕದ ಪಾಲೋಮಾರ್‌ನ 48 ಇಂಚಿನ ಅಗಲನೋಟದ ದೂರದರ್ಶಕ ಶ್ಮಿಟ್‌ನಲ್ಲಿ 14 ಇಂಚಿನ ಗಾಜಿನ ಫಲಕವೊಂದು ಸುಮಾರು 6.5 ಡಿಗ್ರಿ ಅಗಲದ ಆಕಾಶ ಹಿಡಿಯುತ್ತಿತ್ತು. ಆ ಫಲಕಗಳನ್ನು ಡಿಜಿಟಲೀಕರಿಸುವಾಗ 25 ಅಥವಾ 15 ಮೈಕ್ರಾನಿನಲ್ಲಿ ಸ್ಕ್ಯಾನ್ ಮಾಡಿದರು, ಅಂದರೆ ಪಿಕ್ಸೆಲಿಗೆ 1.7 ಅಥವಾ 1 ಆರ್ಕ್‌ಸೆಕೆಂಡ್. ನಿಮ್ಮ ದೂರದರ್ಶಕದಲ್ಲೂ 35 ಮಿ.ಮೀ. ಚೌಕಟ್ಟಿಗೆ ಉದ್ದಕ್ಕೆ 4.1 ಡಿಗ್ರಿ ಸಿಕ್ಕರೆ 6×7 ಸೆಂ.ಮೀ. ಫಿಲ್ಮಿಗೆ ಹತ್ತಿರಹತ್ತಿರ 8 ಸಿಗುತ್ತದೆ. ಅಷ್ಟು ಅಗಲಕ್ಕೆ ಬಿಂಬವನ್ನು ಚಪ್ಪಟೆಯಾಗಿ ಕೊಡುವ ಫ್ಲ್ಯಾಟನರ್ ಇದೆಯೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇಲ್ಲದಿದ್ದರೆ ಮೂಲೆಯ ನಕ್ಷತ್ರಗಳೆಲ್ಲ ಗರಿ ಬಿಚ್ಚಿಕೊಂಡು ನಿಲ್ಲುತ್ತವೆ.