ಟೈಮ್ಸ್ ಆ್ಯರೋ: ನಾತ್ಸಿ ಡಾಕ್ಟರ್ ಬದುಕನ್ನ ಉಲ್ಟಾ ಹೇಳೋದು ಬರೀ ಗಿಮಿಕ್ಕಾ?

ಪುಸ್ತಕದಹುಳು:
ಮಾರ್ಟಿನ್ ಏಮಿಸ್ ಅವರ ಕಾದಂಬರಿ ಟೈಮ್ಸ್ ಆ್ಯರೋ (1991) ಓದ್ತಾ ಅರ್ಧಕ್ಕೆ ಬಂದಿದೀನಿ. ಕತೆ ಸಾವಿನಿಂದ ಶುರುವಾಗಿ ಹುಟ್ಟಿನ ಕಡೆ ಹೋಗುತ್ತೆ, ಅಮೆರಿಕದಲ್ಲಿ ಟಾಡ್ ಫ್ರೆಂಡ್ಲಿ ಅನ್ನೋ ಹೆಸರಲ್ಲಿರೋ ಮುದುಕ ಡಾಕ್ಟರು ಬರ್ತಾ ಬರ್ತಾ ಹುಡುಗ ಆಗ್ತಾ ಇದಾನೆ, ಊಟ ಬಾಯಿಂದ ತಟ್ಟೆಗೆ ಬರುತ್ತೆ, ಕಸದವರು ಬಂದು ಕಸ ಸುರಿದು ಹೋಗ್ತಾರೆ. ಮುಂದೆ ಆಶ್ವಿಟ್ಸ್ ಬರುತ್ತೆ ಅಂತ ಗೊತ್ತು. ನಾತ್ಸಿಗಳು ಸುಮಾರು 11 ಲಕ್ಷ ಜನರನ್ನ ಕೊಂದ ಕ್ಯಾಂಪ್ ಅದು, ಅದನ್ನೂ ಹೀಗೇ ಹಿಂದಕ್ಕೆ ಓಡಿಸಿ ತೋರಿಸೋದು ಸರೀನಾ? ಮುಗಿಸಿದೋರು ಹೇಳಿ, ಮುಂದುವರಿಸ್ಲಾ?

ಇರುಳೋದು:
ದಯವಿಟ್ಟು ಬಿಡ್ಬೇಡಿ. ನೀವು ಓದಿರೋ ಆಸ್ಪತ್ರೆ ಭಾಗಾನೇ ನೋಡಿ, ಬ್ಯಾಂಡೇಜ್ ಹಾಕ್ಕೊಂಡು ಬಂದೋನಿಗೆ ಬ್ಯಾಂಡೇಜ್ ಬಿಚ್ಚಿ ತಲೆಗೆ ತುಕ್ಕು ಹಿಡಿದ ಮೊಳೆ ಚುಚ್ಚಿ ಆಚೆ ಕಳಿಸ್ತಾರೆ. ಕತೆ ಹೇಳ್ತಿರೋದು ಆ ಡಾಕ್ಟರ್ ಒಳಗೇ ಸಿಕ್ಕಾಕ್ಕೊಂಡಿರೋ ಇನ್ನೊಂದು ಜೀವ, ಅದಕ್ಕೆ ಅವನ ಯೋಚನೆ ಗೊತ್ತಾಗಲ್ಲ, ಭಯ ನಾಚಿಕೆ ಮಾತ್ರ ತಟ್ಟುತ್ತೆ, ಹಾಗಾಗಿ ಡಾಕ್ಟರುಗಳು ಯಾಕಿಷ್ಟು ಕ್ರೂರಿಗಳು ಅಂತ ಒದ್ದಾಡ್ತಾನೇ ಇರುತ್ತೆ. ಆಶ್ವಿಟ್ಸ್‌ಗೆ ಬಂದ್ಮೇಲೆ ಮಾತ್ರ ಅದಕ್ಕೆ ಲೋಕ ಸರಿಯಾಗಿದೆ ಅನ್ಸುತ್ತೆ. ಯಾಕಂದ್ರೆ ಅಲ್ಲಿ ಹೊಗೆಯಿಂದ ಹೆಣ ಇಳಿಯುತ್ತೆ, ಹೆಣಕ್ಕೆ ಜೀವ ಬರುತ್ತೆ, ಹಲ್ಲಿಗೆ ಚಿನ್ನ ಕೂರಿಸ್ತಾರೆ, ಬಟ್ಟೆ ಕೊಡ್ತಾರೆ, ರ‍್ಯಾಂಪ್ (ರೈಲು ಬಂದು ನಿಲ್ಲೋ ಕಟ್ಟೆ) ಮೇಲೆ ಗಂಡ ಹೆಂಡತಿ ಮಕ್ಕಳನ್ನ ಒಂದುಮಾಡಿ ರೈಲು ಹತ್ತಿಸ್ತಾರೆ. ನಾವು ಒಂದೊಂದು ವಾಕ್ಯಾನೂ ತಲೇಲಿ ತಿರುಗಿಸ್ಕೊಂಡು ಓದ್ಬೇಕು, ಅಲ್ಲಿ ನಿಜವಾಗ್ಲೂ ನಡೆದದ್ದನ್ನ ನಾವೇ ಬಿಡಿಸಿ ನೋಡ್ಬೇಕು, ಕಣ್ಣು ಹಾಯಿಸ್ಕೊಂಡು ಹೋಗೋಕೆ ಆಗಲ್ಲ.

ಇನ್ನೊಂದು ವಿಷಯ. ರಾಬರ್ಟ್ ಜೇ ಲಿಫ್ಟನ್ ಅನ್ನೋ ಮನೋವೈದ್ಯರು ನಾತ್ಸಿ ಡಾಕ್ಟರುಗಳ ಪೈಕಿ ಕೆಲವರನ್ನ ಖುದ್ದು ಮಾತಾಡ್ಸಿ 1986ರಲ್ಲಿ ಪುಸ್ತಕ ತಂದ್ರು. ಕೊಲ್ಲೋದನ್ನೇ ಅವರು ಜನಾಂಗಕ್ಕೆ ಮಾಡೋ ಚಿಕಿತ್ಸೆ ಅಂತ ನಂಬ್ಕೊಂಡಿದ್ರು ಅಂತ ಅದರಲ್ಲಿದೆ. ಏಮಿಸ್ ಆ ಪುಸ್ತಕದ ಋಣ ಒಪ್ಕೊಂಡಿದಾರೆ. ಉಲ್ಟಾ ಮಾಡೋ ಕೆಲಸ ಆ ಡಾಕ್ಟರುಗಳೇ ಮೊದ್ಲು ಮಾಡಿ ಮುಗಿಸಿದ್ರು, ಕಾದಂಬರಿ ಅದನ್ನ ಅಕ್ಷರಶಃ ತೋರಿಸುತ್ತೆ ಅಷ್ಟೆ.

ನೇರನುಡಿ:
ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಇಡೀ ಪುಸ್ತಕದಲ್ಲಿ ನಾವಿರೋದು ಕೊಂದೋನ ಮೈಯೊಳಗೆ. ಸತ್ತೋರು ಗುಂಪುಗುಂಪಾಗಿ ಎದ್ದು ಬರ್ತಾರೆ, ಅವರ ಮನಸ್ಸು ಎಲ್ಲೂ ಸಿಗಲ್ಲ. ಬಾಂಬ್ ದಾಳಿಯ ಸಿನಿಮಾನ ಹಿಂದಕ್ಕೆ ಓಡಿಸೋ ಐಡಿಯಾನ 1969ರಲ್ಲೇ ಅಮೆರಿಕದ ಕಾದಂಬರಿಕಾರ ವಾನೆಗಟ್ ಸ್ಲಾಟರ್‌ಹೌಸ್ ಫೈವ್‌ನಲ್ಲಿ ಚಿಕ್ಕದಾಗಿ ಹೇಳಿದ್ರು, ಎದೆ ಒಡೆಯೋ ಹಾಗಿದೆ. ಅಷ್ಟು ಸಾಕಿತ್ತು, ಏಮಿಸ್ ಅಮೆರಿಕದ ಭಾಗಾನ ಎಳೆದಿದಾರೆ.

ಹಾಳೆಮಡಿಕೆ:
ಸತ್ತೋರ ದನಿ ಇಲ್ಲ ಅನ್ನೋದು ನಿಜ, ಅದಕ್ಕೆ ಪ್ರೀಮೋ ಲೇವಿ ಓದ್ಬೇಕು, ಆಶ್ವಿಟ್ಸ್‌ನಿಂದ ಬದುಕಿ ಬಂದು ಬರೆದೋರು. ಆದ್ರೆ ಅಮೆರಿಕದ ಭಾಗ ಎಳೆದದ್ದು ಅಂತ ನನಗೆ ಅನ್ಸಲ್ಲ. ನ್ಯೂರೆಂಬರ್ಗ್‌ನ ಡಾಕ್ಟರುಗಳ ವಿಚಾರಣೆಯಲ್ಲಿ (1946-47) ಕಟಕಟೆಗೆ ಬಂದೋರು 23 ಜನ, ಗಲ್ಲಿಗೆ ಹೋದೋರು 7. ಆಶ್ವಿಟ್ಸ್‌ನಲ್ಲಿ ಡಾಕ್ಟರಾಗಿದ್ದ ಮೆಂಗೆಲೆ ಸಿಗಲೇ ಇಲ್ಲ, 1979ರಲ್ಲಿ ಬ್ರೆಜಿಲ್‌ನಲ್ಲಿ ಸತ್ತ, ಬೇರೆಯವರ ಹೆಸರಲ್ಲಿ ಹೂಳಿದ್ರು. ಹೆಸರು ಬದಲಾಯಿಸ್ಕೊಂಡು ಪಕ್ಕದ ಮನೆ ಡಾಕ್ಟರಾಗಿ ಆರಾಮಾಗಿ ಮುದಿಯಾಗೋದು ಇದೆಯಲ್ಲ, ಆ ನೆಮ್ಮದೀನೇ ನನಗೆ ಕ್ಯಾಂಪಿನಷ್ಟೇ ಹೇಸಿಗೆ ಹುಟ್ಟಿಸ್ತು.

ಓದೋಕೆ ಒಂದು ಟಿಪ್: ಮಾತುಕತೆ ಗೊಂದಲ ಆದ್ರೆ ಕೆಳಗಿನ ಸಾಲಿಂದ ಮೇಲಕ್ಕೆ ಓದಿ, ಸರಿಯಾಗಿ ಕೂರುತ್ತೆ. ಮತ್ತೆ ಬಿಳಿ ಕೋಟು, ಕಪ್ಪು ಬೂಟು ಹಾಕ್ಕೊಂಡಿರೋ ಮನುಷ್ಯನ ಕನಸು ಬಂದಾಗೆಲ್ಲಾ ಗುರುತು ಹಾಕಿಟ್ಕೊಳ್ಳಿ, ಕ್ಯಾಂಪ್ ಭಾಗಕ್ಕೆ ಬಂದ್ಮೇಲೆ ವಾಪಸ್ ಹೋಗಿ ನೋಡ್ಬೇಕಾಗುತ್ತೆ.